ಅಮ್ಮನನ್ನು ಕೇರ್ ಸೆಂಟರ್‌ಗೆ ಸೇರಿಸುವುದೋ ಬೇಡವೋ? ನೋಡಿಕೊಂಡವರು ಹೇಳಿ

ಬಸವನಗುಡಿಯ ಮಗಳು:
ಅಮ್ಮನಿಗೆ 81. ಮರೆವಿನ ಕಾಯಿಲೆ ಮೊದಲಿನಿಂದಲೂ ಇತ್ತು. ಈಚೆಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು, ನಡಿಗೆ ಮಾತ್ರ ಬಂದಿಲ್ಲ. ಆಸ್ಪತ್ರೆಯಿಂದ ಬಂದಮೇಲೆ ರಾತ್ರಿಯೆಲ್ಲಾ ಎದ್ದು ಕೂತು "ನಮ್ಮನೆಗೆ ಕರ್ಕೊಂಡು ಹೋಗು" ಅಂತಾರೆ. ಏಜೆನ್ಸಿಯವರು ಕಳಿಸಿದ ಹೋಮ್ ನರ್ಸ್ ಊರಿಗೆ ಹೋಗಿಬರ್ತೀನಿ ಅಂತ ಹೋದವರು ಬರಲೇ ಇಲ್ಲ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಅಣ್ಣ ಅಮೆರಿಕದಲ್ಲಿ. ಕೇರ್ ಸೆಂಟರ್ ನೋಡೋಣ ಅಂದರೆ "ನೆಂಟರಿಗೆ ಏನು ಹೇಳೋದು?" ಅಂತಾನೆ. ನಿಜವಾಗಿ ಅನುಭವ ಇದ್ದವರು ಹೇಳಿ.

ಹಾಸನದ ಹುಡುಗ:
ಅಕ್ಕ, ಬೇಜಾರು ಮಾಡ್ಕೋಬೇಡಿ, ನನಗೆ ಇದು ಒಪ್ಪಿಗೆಯಿಲ್ಲ. ನಮ್ಮಜ್ಜಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು, ಮನೆಯಲ್ಲೇ ನೋಡ್ಕೊಂಡ್ವಿ. ನಮ್ಮನ್ನು ಎತ್ತಿ ಆಡಿಸಿದವರನ್ನು ಕೊನೆಗಾಲದಲ್ಲಿ ಗುರುತು ಪರಿಚಯ ಇಲ್ಲದವರ ಕೈಗೆ ಕೊಡೋದಾ?

ಧಾರವಾಡದಾಕಿ:
ತಮ್ಮಾ, ಒಂದ್ ಮಾತ ಕೇಳ್ತೀನಿ. ನಿಮ್ಮಜ್ಜಿ ಹಾಸಿಗಿ ಬಳದವ್ರು ಯಾರು? ನಿಮ್ಮಪ್ಪನೋ, ನಿಮ್ಮವ್ವನೋ? ನಮ್ಮತ್ತಿಯವರನ್ನ ನಾನೊಬ್ಬಾಕೀನ ನೋಡೀನಿ. ರಾತ್ರಿ ಎದ್ದು ಡೈಪರ್ ಬದಲಿ ಮಾಡೂದು, ಮುಂಜಾನೆದ್ದು ಗಂಜಿ ಕುಡಿಸೂದು, ಮತ್ತ ಮನಿ ಅಡಿಗಿ. ಬಳಗದವ್ರು ಬಂದು ಚಾ ಕುಡದು "ಭಾಳ ಪುಣ್ಯದ ಕೆಲಸ ಮಾಡಾಕತ್ತೀ" ಅಂದು ಹೋಗ್ತಿದ್ರು. ಒಂದ್ ರಾತ್ರಿ ಇರ್ರಿ ಅಂದ್ರ ಒಬ್ಬರೂ ಒಪ್ಪಲಿಲ್ಲ. ನನ್ನ ನಡಾ ಹಿಡದದ್ದು ಇವತ್ತಿಗೂ ಬಿಟ್ಟಿಲ್ಲ.

ಹಾಸನದ ಹುಡುಗ:
ಅಮ್ಮನೇ ನೋಡಿಕೊಂಡಿದ್ದು ಅಕ್ಕಾರೆ, ಅದನ್ನು ಇಲ್ಲ ಅನ್ನಲ್ಲ. ನನ್ನ ಭಯ ಬೇರೆ. ಮರೆವಿನ ಕಾಯಿಲೆಯವರು ಯಾರಾದರೂ ಗದರಿದರೆ, ಹೊಡೆದರೆ, ಊಟ ಕೊಡದಿದ್ದರೆ ಯಾರ ಹತ್ತಿರ ಹೇಳ್ಕೋತಾರೆ? ನಾಳೆಗೆ ಅವರಿಗೇ ನೆನಪಿರಲ್ಲ. ಬಾಯಿಬಿಟ್ಟು ಹೇಳಲಾರದವರನ್ನು ಕಣ್ಣಿಗೆ ಕಾಣದ ಜಾಗದಲ್ಲಿ ಬಿಡೋದು ಹೇಗೆ?

ಕುಡ್ಲದ ಮಗ:
ಇದು ಸರಿಯಾದ ಪ್ರಶ್ನೆ. ನನ್ನ ಅಪ್ಪನನ್ನು ಇಟ್ಟಿದ್ದ ಜಾಗದ ಹೆಸರು ಇಲ್ಲಿ ಹೇಳುವುದಿಲ್ಲ. ರಿಸೆಪ್ಷನ್ ಚಂದ, ತೋಟ ಚಂದ, ವಾಟ್ಸಾಪಿನಲ್ಲಿ ದಿನಾ ಫೋಟೋ ಬರುತ್ತಿತ್ತು. ಎಲ್ಲಾ ಫೋಟೋದಲ್ಲೂ ಅಪ್ಪ ಕುರ್ಚಿಯಲ್ಲಿ ಕೂತು, ಸೊಂಟದವರೆಗೆ ಶಾಲು ಹೊದ್ದಿರುತ್ತಿದ್ದರು. ಒಂದು ದಿನ ಹೇಳದೆ ಹೋಗಿ ನಾನೇ ಮಗ್ಗುಲು ತಿರುಗಿಸಿದಾಗ ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣು, ಗಾಜ್ ಬಟ್ಟೆ ಅಂಟಿಕೊಂಡಿತ್ತು. ಆಡಳಿತದವರು "ವಯಸ್ಸಾದವರಿಗೆ ಇದೆಲ್ಲ ಉಂಟು" ಅಂದರು. ಬಿಡಿಸಿಕೊಂಡು ಬರುವಾಗ ಅಡ್ವಾನ್ಸ್ ಕೂಡ ವಾಪಸ್ ಕೊಡಲಿಲ್ಲ, ಅಗ್ರಿಮೆಂಟಿನಲ್ಲಿ ಬರೆದಿದೆ ಎಂದರು.

ಆದರೂ ಬೇಡ ಅಂತ ಹೇಳುವುದಿಲ್ಲ. ಆಮೇಲೆ ಬೇರೆ ಕಡೆ ಸೇರಿಸಿದೆವು. ಸಣ್ಣ ಜಾಗ, ಗೋಡೆಗೆ ಬಣ್ಣವೂ ಸರಿಯಿರಲಿಲ್ಲ. ಅಲ್ಲಿನ ಸಿಸ್ಟರು ಮೊದಲ ದಿನವೇ ಅಪ್ಪನ ಮೈಯೆಲ್ಲಾ ನೋಡಿ ಹುಣ್ಣಿನ ಅಳತೆ ಬರೆದುಕೊಂಡರು. ಆ ಹುಣ್ಣು ಅಲ್ಲಿಯೇ ವಾಸಿಯಾಯಿತು.

ವಾರ್ಡ್ ಸಿಸ್ಟರ್:
ನಾನು ಆಸ್ಪತ್ರೆಯಲ್ಲೂ ಕೇರ್ ಸೆಂಟರ್‌ನಲ್ಲೂ ಕೆಲಸ ಮಾಡಿದವಳು. ವಯಸ್ಸಾಯಿತು ಅಂತ ಬೆಡ್ ಸೋರ್ ತಾನಾಗಿ ಬರುವುದಲ್ಲ. ಒಂದೇ ಮಗ್ಗುಲಲ್ಲಿ ಬಿಟ್ಟರೆ, ಒದ್ದೆ ಡೈಪರ್ ಬದಲಿಸದಿದ್ದರೆ, ಹೊಟ್ಟೆಗೆ ಪ್ರೋಟೀನ್ ಸಾಲದಿದ್ದರೆ ಬರುತ್ತದೆ. ತಾವಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ತಿರುಗಿಸಬೇಕು. ಏರ್ ಬೆಡ್ ಇದ್ದರೂ ತಿರುಗಿಸಲೇಬೇಕು. ಹಿಮ್ಮಡಿ, ಸೊಂಟದ ಎರಡು ಪಕ್ಕ, ಬಾಲಮೂಳೆ, ಇಷ್ಟನ್ನು ಹೋದಾಗಲೆಲ್ಲಾ ನೀವೇ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಹಾಗೆಯೇ ಕೆಂಪಗಿದ್ದರೆ ಹುಣ್ಣು ಶುರುವಾಗಿದೆ ಎಂದು ಲೆಕ್ಕ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು, ಬಿಸಿಯೋ ಗಟ್ಟಿಯೋ ಎಂದು ಮುಟ್ಟಿ ನೋಡಿ.

ಬಸವನಗುಡಿಯ ಮೇಡಂಗೆ ಒಂದು ಮಾತು. ಆಸ್ಪತ್ರೆಯಿಂದ ಬಂದಮೇಲೆ ಒಮ್ಮೆಗೇ ಗೊಂದಲ ಹೆಚ್ಚಿದ್ದರೆ ಅದನ್ನು ಮರೆವಿನ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿರುವುದು, ಮಲಬದ್ಧತೆ, ನೋವು, ಹೊಸ ಮಾತ್ರೆ, ಇವುಗಳಿಂದಲೂ ಹೀಗಾಗುತ್ತದೆ. ಮೊದಲು ಪರೀಕ್ಷೆ ಮಾಡಿಸಿ. ಸೆಂಟರ್ ತೀರ್ಮಾನ ಒಂದು ವಾರ ತಡವಾದರೆ ನಷ್ಟವಿಲ್ಲ.

ಬಸವನಗುಡಿಯ ಮಗಳು:
ಸಿಸ್ಟರ್, ಇದನ್ನು ಯಾರೂ ಹೇಳಿರಲಿಲ್ಲ. ನಾಳೆಯೇ ಡಾಕ್ಟರ ಹತ್ತಿರ ಹೋಗ್ತೀನಿ. ಖರ್ಚಿನದೂ ಚಿಂತೆ. ಇನ್ಶೂರೆನ್ಸ್‌ನವರು ಸೆಂಟರ್ ಬಿಲ್ ಕೊಡಲ್ಲವಂತೆ. ಅಣ್ಣ ಇನ್ನೊಂದು ಹೇಳ್ತಿದ್ದಾನೆ, ಮನೆ ಅಮ್ಮನ ಹೆಸರಲ್ಲಿದೆ, ಈಗಲೇ ದಾನಪತ್ರ ಮಾಡಿಸಿಕೊಂಡರೆ ಖರ್ಚು ತಾನೇ ನೋಡ್ಕೋತೀನಿ ಅಂತ.

ಕೋರ್ಟ್ ರಸ್ತೆ:
ನಿಲ್ಲಿ ಮೇಡಂ. ಮರೆವಿನ ಕಾಯಿಲೆ ಇರುವವರ ಸಹಿ ಹಾಕಿಸಿದ ಪತ್ರಕ್ಕೆ ನಾಳೆ ಯಾರು ಬೇಕಾದರೂ ತಕರಾರು ತೆಗೆಯಬಹುದು. ತಾನು ಏನು ಮಾಡುತ್ತಿದ್ದೇನೆ ಎಂದು ಅವರಿಗೆ ಅರ್ಥವಾಗದ ಸ್ಥಿತಿಯಿದ್ದರೆ ಅದು ನಿಲ್ಲುವುದೂ ಇಲ್ಲ. ಇದು ನಿಮಗಷ್ಟೇ ಅಲ್ಲ, ಓದುವ ಎಲ್ಲರಿಗೂ: ತಂದೆತಾಯಿ ಗಟ್ಟಿಯಾಗಿರುವಾಗ ಆಸ್ತಿ ಬರೆದುಕೊಡುವುದಿದ್ದರೆ, ನೋಡಿಕೊಳ್ಳಬೇಕು ಎಂಬ ಷರತ್ತನ್ನು ಆ ಪತ್ರದಲ್ಲೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳದಿದ್ದರೆ ಪತ್ರ ರದ್ದು ಮಾಡಿಸಬಹುದು, ಆದರೆ ಅಂಥ ಷರತ್ತು ಇತ್ತು ಎಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಯ ಮುಂದೆ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಹಂತಹಂತವಾಗಿ ತೆರೆಯಬಹುದು ಅಂತಲೂ ಅದೇ ಕಾಯ್ದೆಯಲ್ಲಿದೆ. ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಕೇಳುವ ಹಕ್ಕು ನಮಗಿದೆ, ಕೇಳಬೇಕು.

ದೌರ್ಜನ್ಯದ ದೂರಿಗೆ, ಮನೆಯಲ್ಲಾಗಲಿ ಸೆಂಟರ್‌ನಲ್ಲಾಗಲಿ, ಹಿರಿಯರ ಸಹಾಯವಾಣಿ 14567. ಬೆಂಗಳೂರಿನಲ್ಲಿ ಪೊಲೀಸರ ಜೊತೆ ಸೇರಿ ನಡೆಸುವ 1090 ಕೂಡ ಇದೆ.

ಧಾರವಾಡದಾಕಿ:
ಅಮೆರಿಕಾದ ಅಣ್ಣಗ ದಾನಪತ್ರ ಬೇಕು, ಅವ್ವನ ರಾತ್ರಿ ಪಾಳಿ ಬ್ಯಾಡ. ತಿಂಗಳಾ ರೊಕ್ಕ ಕಳಸಂತ ಹೇಳ್ರಿ. ಬಂದಾಗ ಒಂದ್ ತಿಂಗಳ ತಾನ ಕೂಡ್ಲಿ ಅವ್ವನ ಹತ್ರ.

ಹಾಸನದ ಹುಡುಗ:
ಕುಡ್ಲದವರು ಬರೆದದ್ದು ಓದಿದ ಮೇಲೂ ನನಗೆ ಧೈರ್ಯ ಬರ್ತಿಲ್ಲ. ಹೇಳದೆ ಹೋಗಿದ್ದಕ್ಕೆ ಗೊತ್ತಾಯ್ತು. ಮಗ ದೂರದಲ್ಲಿದ್ದಿದ್ದರೆ?

ಕುಡ್ಲದ ಮಗ:
ಗೊತ್ತಾಗುತ್ತಿರಲಿಲ್ಲ ಮಾರಾಯ್ರೆ. ಅದಕ್ಕೇ ಹೇಳುವುದು, ಸೌಕರ್ಯ ಸ್ವಲ್ಪ ಕಡಿಮೆಯಾದರೂ ಆದೀತು, ಸಂಜೆ ಆಫೀಸಿನಿಂದ ಬರುವ ದಾರಿಯಲ್ಲೇ ಇರುವ ಜಾಗ ನೋಡಿ. ಇಂತಿಷ್ಟು ಹೊತ್ತಿಗೆ ಮಾತ್ರ ಭೇಟಿ, ರೂಮಿಗೆ ಬಿಡುವುದಿಲ್ಲ ಅನ್ನುವ ಕಡೆ ಸೇರಿಸಲೇಬೇಡಿ. ಮನೆಯಲ್ಲಿ ಬೀಗ ಹಾಕಿಕೊಂಡು ಹೋಮ್ ನರ್ಸ್ ಒಬ್ಬರನ್ನೇ ಬಿಟ್ಟು ಹೋದರೂ ಇದೇ ಭಯ ಇದ್ದೇ ಇದೆ ಅಲ್ವಾ? ಅಲ್ಲಿಯೂ ನೋಡುವವರಿಲ್ಲ.

ಬಸವನಗುಡಿಯ ಮಗಳು:
ಪರೀಕ್ಷೆ ರಿಪೋರ್ಟ್ ಬಂತು. ಮೂತ್ರದ ಸೋಂಕು ಇತ್ತು, ಸೋಡಿಯಂ ಕೂಡ ಕಡಿಮೆ. ಔಷಧಿ ಶುರುವಾದ ಮೇಲೆ ರಾತ್ರಿ ಸ್ವಲ್ಪ ನಿದ್ದೆ ಮಾಡ್ತಿದ್ದಾರೆ. ಆದರೂ ನಡೆಯುತ್ತಿಲ್ಲ, ಹಗಲು ನೋಡುವವರಿಲ್ಲ. ಜಯನಗರದ ಕಡೆ ಎರಡು ಜಾಗ ನೋಡೋಣ ಅಂತಿದ್ದೀವಿ. ಹೋದಾಗ ಏನು ಕೇಳಲಿ?

ವಾರ್ಡ್ ಸಿಸ್ಟರ್:
ಹಗಲಲ್ಲಿ ಎಲ್ಲರೂ ಇರುತ್ತಾರೆ, ನೀವು ರಾತ್ರಿಯ ಲೆಕ್ಕ ಕೇಳಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಅವರಲ್ಲಿ ತರಬೇತಾದ ನರ್ಸ್ ಇದ್ದಾರಾ? ನಿದ್ದೆ ಮಾತ್ರೆ ಕೊಡುವ ಮೊದಲು ನಿಮ್ಮನ್ನು ಕೇಳುತ್ತಾರಾ, ಕೈಕಾಲು ಕಟ್ಟುವ ಪದ್ಧತಿ ಇದೆಯಾ? ತಿರುಗಿಸಿದ ಚಾರ್ಟ್ ತೋರಿಸಿ ಅನ್ನಿ. ಇಡೀ ದಿನದ್ದನ್ನು ಒಂದೇ ಪೆನ್ನಿನಲ್ಲಿ ಒಂದೇ ಸಲ ತುಂಬಿದಂತಿದ್ದರೆ ಎದ್ದು ಬನ್ನಿ. ಊಟದ ಹೊತ್ತಿಗೆ ಹೋಗಿ, ತುತ್ತು ಕೊಡುವವರು ನುಂಗುವ ತನಕ ಕಾಯುತ್ತಾರಾ ನೋಡಿ. ಅಡ್ವಾನ್ಸ್ ಯಾವಾಗ ವಾಪಸ್ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಸೇರಿಸುವುದಾದರೆ ಕನ್ನಡಕಕ್ಕೂ ಹಲ್ಲುಸೆಟ್ಟಿನ ಡಬ್ಬಿಗೂ ಹೆಸರು ಅಂಟಿಸಿ, ಮೊದಲು ಕಳೆಯುವುದು ಅವೇ. ಅಮ್ಮನಿಗೆ ಏನಂತ ಕರೆದರೆ ತಿರುಗಿ ನೋಡುತ್ತಾರೆ, ಕಾಫಿಗೆ ಎಷ್ಟು ಸಕ್ಕರೆ, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಒಂದು ಹಾಳೆಯಲ್ಲಿ ಬರೆದು ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.