ದಪ್ಪ ಇರೋದನ್ನೇ ಸ್ಟೇಜ್ ಮೇಲೆ ಜೋಕ್ ಮಾಡ್ಬೇಕಾ? ಬೆಲ್ಲಿ ಡ್ಯಾನ್ಸ್ ಗೊತ್ತಿರುವವರು ಹೇಳಿ

ಕುವೆಂಪುನಗರದವಳು
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಬೆಲ್ಲಿ ಡ್ಯಾನ್ಸ್ ಮಾಡುವವರು ಕೆಲವೇ ಜನ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಗೋಕುಲಂಗೆ ಯೋಗ ಕಲಿಯಲು ಬಂದು ಇಲ್ಲೇ ಉಳಿದುಕೊಂಡಿದ್ದ ಒಬ್ಬ ವಿದೇಶಿ ಟೀಚರ್ ಹತ್ತಿರ ಶುರು ಮಾಡಿದೆ, ಆಮೇಲೆ ಬೆಂಗಳೂರಿಗೆ ಓಡಾಡಿಕೊಂಡು ಕಲಿತೆ. ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳು, ದಪ್ಪ ಇದ್ದೇನೆ. ಮೈಕೈ ತುಂಬಿಕೊಂಡಿದ್ದೀರಿ ಅಂತ ನಯ ಮಾಡಿ ಹೇಳುವುದೆಲ್ಲ ಬೇಡ, ದಪ್ಪ ಅಂದ್ರೆ ದಪ್ಪ.

ಒಂದು ಕಂಪನಿಯ ಆನ್ಯುವಲ್ ಡೇಗೆ ಕರೆದಿದ್ದಾರೆ. ವಿಡಿಯೋ ಕಳಿಸಿದ್ದೆ. ನೋಡಿದ ಮೇಲೆ ಇವೆಂಟ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿ, "ಸೂಪರ್ ಮೇಡಂ, ಆದ್ರೆ ಇದನ್ನ ಕಾಮಿಡಿ ಥರ ಮಾಡಿಬಿಡೋಣ, ಬಳ್ಳಿ ಥರ ಇರೋ ಸುಂದರಿ ಬರ್ತಾಳೆ ಅಂತ ಆಂಕರ್ ಬಿಲ್ಡಪ್ ಕೊಡ್ತಾರೆ, ಆಗ ನಿಮ್ಮ ಎಂಟ್ರಿ" ಅಂದ. ಮೈಯೆಲ್ಲ ಉರಿಯಿತು, ಯೋಚನೆ ಮಾಡಿ ಹೇಳ್ತೀನಿ ಅಂತ ಫೋನ್ ಇಟ್ಟೆ.

ಆದರೆ ನನ್ನ ತಲೆನೋವು ಅದೊಂದೇ ಅಲ್ಲ. ನನಗೆ ನಗಿಸೋದು ಇಷ್ಟ! ನನ್ನ ಡ್ರಮ್ ಸೋಲೋದಲ್ಲಿ, ಅಂದ್ರೆ ಬರೀ ಡ್ರಮ್ ಸದ್ದಿಗೆ ಕುಣಿಯೋ ಐಟಂನಲ್ಲಿ, ತಮಾಷೆ ಇದೆ, ಜನ ನಗುತ್ತಾರೆ, ನನಗೆ ಖುಷಿಯಾಗುತ್ತೆ. ಜೊತೆಗೆ ಕಲಿತ ಗೆಳತಿಯೊಬ್ಬಳು ಹೇಳುತ್ತಾಳೆ, ನಮ್ಮಂಥ ಸೈಜಿನವರು ಸ್ಟೇಜ್ ಮೇಲೆ ನಗಿಸಲೇಬಾರದು, ಒಂದು ಸಲ ನಕ್ಕರೆ ಆಮೇಲೆ ಯಾರೂ ಪ್ರೊಫೆಷನಲ್ ಡ್ಯಾನ್ಸರ್ ಅಂತ ನೋಡಲ್ಲ ಅಂತ. ಹೌದಾ?

ಸೊಂಟದ ಡಾಬು
ಆ ಹುಡುಗನಿಗೆ ಆಗಲ್ಲ ಅನ್ನಿ. ನಿಮ್ಮ ಗೆಳತಿಗೂ ಅದನ್ನೇ ಅನ್ನಿ.

ಈಜಿಪ್ಟಿನ ಬೆಲ್ಲಿ ಡ್ಯಾನ್ಸರ್ ಫಿಫಿ ಅಬ್ದೂ ವಿಡಿಯೋಗಳನ್ನು ನೋಡಿದ್ದೀರಾ? ಗಲಾಬಿಯಾ ಅನ್ನೋ ಉದ್ದನೆ ನಿಲುವಂಗಿ ಹಾಕಿಕೊಂಡು, ಕೈಯಲ್ಲಿ ಹುಕ್ಕಾ ಹಿಡಿದು, ಸೊಂಟ ಒಂದು ಕ್ಷಣ ನಿಲ್ಲಿಸದೆ ನಡುಗಿಸುತ್ತಾ, ಮುಖದಲ್ಲಿ ಮಾತ್ರ ಏನೂ ನಡೆದೇ ಇಲ್ಲ ಅನ್ನೋ ಭಾವ. ನಗು ಬರದೆ ಇರಲ್ಲ. ಆಕೆ ಸಣಕಲಿಯೂ ಅಲ್ಲ. ಹಾಗಂತ ಆಕೆಯನ್ನು ಕಾಮಿಡಿ ಪೀಸ್ ಅಂತ ಕೈರೋದಲ್ಲಿ ಯಾರಾದರೂ ಅನ್ನಲಿ ನೋಡೋಣ.

ಬದೀಯಾ ಮಸಾಬ್ನಿ 1926ರಲ್ಲಿ ಕೈರೋದಲ್ಲಿ ತೆರೆದ ಕ್ಲಬ್ಬಿಂದಲೇ ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್‌ರಂಥ ಡ್ಯಾನ್ಸರ್‌ಗಳೆಲ್ಲ ಹೆಸರು ಮಾಡಿದ್ದು. ತಹಿಯಾ ಮುಂದೆ ಚೆನ್ನಾಗಿ ದಪ್ಪಗಾದರು, ಅವರ ಗೌರವ ಒಂದಿಷ್ಟೂ ಕಮ್ಮಿಯಾಗಲಿಲ್ಲ. ಬೆಲ್ಲಿ ಡ್ಯಾನ್ಸ್ ಅಂದ ತಕ್ಷಣ ಚಪ್ಪಟೆ ಹೊಟ್ಟೆಯೇ ಕಣ್ಣಿಗೆ ಬರೋದು ನಮ್ಮ ಸಿನಿಮಾ ಐಟಂ ಸಾಂಗ್‌ಗಳ ಕೃಪೆ. ನಿಜ ಹೇಳಬೇಕಂದ್ರೆ ಶಿಮ್ಮಿ, ಅಂದ್ರೆ ಮೈ ಬೇಗ ಬೇಗ ನಡುಗಿಸೋದು, ಮಾಡುವಾಗ ಮೈ ಇದ್ದವರದ್ದೇ ಕೊನೇ ಸಾಲಿನವರಿಗೂ ಕಾಣೋದು.

ಬೆಲ್ಲದಚ್ಚು ಮಂಡ್ಯ
ಎಲ್ಲರೂ ಬಯ್ಯುತ್ತೀರಿ ಅಂತ ಗೊತ್ತು, ಆದರೂ ಹೇಳ್ತೀನಿ. ದುಡ್ಡು ಸರಿಯಾಗಿ ಕೊಡೋ ಹಾಗಿದ್ರೆ ಮಾಡಿ ಕಣಕ್ಕ. ನಮ್ಮ ಹಾಸ್ಯೋತ್ಸವಗಳಲ್ಲಿ ಮಾತಾಡುವವರು ತಮ್ಮ ಬೊಕ್ಕತಲೆ, ತಮ್ಮ ಡೊಳ್ಳುಹೊಟ್ಟೆ ಬಗ್ಗೆ ತಾವೇ ಜೋಕ್ ಹೊಡೆದು ಚಪ್ಪಾಳೆ ತಗೊಳಲ್ವಾ? ನಾವೇ ಮೊದಲು ಅಂದುಕೊಂಡುಬಿಟ್ಟರೆ ಬೇರೆಯವರಿಗೆ ಅನ್ನೋಕೆ ಏನೂ ಉಳಿಯಲ್ಲ.

ಸೊಂಟದ ಡಾಬು
ಹಾಸ್ಯೋತ್ಸವದಲ್ಲಿ ಮೈಕ್ ಯಾರ ಕೈಯಲ್ಲಿರುತ್ತೆ ಅಣ್ಣ? ಹೊಟ್ಟೆ ಯಾರದ್ದೋ ಮೈಕೂ ಅವರದ್ದೇ. ಇಲ್ಲಿ ಮೈಕ್ ಆಂಕರ್ ಹತ್ತಿರ. ಇವರು ಬಾಯಿ ಬಿಡೋ ಹಾಗಿಲ್ಲ, ನಗುತ್ತಾ ಬಂದು ಕುಣಿಯಬೇಕು ಅಷ್ಟೇ. ನಾವೇ ಅಂದುಕೊಳ್ಳೋದು ಅಂದ್ರೆ ಇದಾ?

ಬೆಲ್ಲದಚ್ಚು ಮಂಡ್ಯ
ಅದು ಸರಿ. ಮೈಕ್ ವಿಷಯ ನಾನು ಯೋಚನೆ ಮಾಡಿರಲಿಲ್ಲ. ದುಡ್ಡಿನ ಮಾತು ಮಾತ್ರ ವಾಪಸ್ ತಗೊಳಲ್ಲ, ಅಡ್ವಾನ್ಸ್ ಇಸ್ಕೊಳ್ಳಿ.

ಲೈಟ್ ಹಾಕುವವನು
ನನಗೆ ಈ ಡ್ಯಾನ್ಸ್ ಹೆಚ್ಚು ಗೊತ್ತಿಲ್ಲ. ಆದರೆ ಮೈಸೂರಿನ ನಾಟಕಗಳಿಗೆ ತುಂಬಾ ವರ್ಷದಿಂದ ಲೈಟ್ ಮಾಡುತ್ತಿದ್ದೇನೆ, ಜನ ಯಾವಾಗ ನಗುತ್ತಾರೆ, ಯಾವಾಗ ಕುರ್ಚಿಯಲ್ಲಿ ಮಿಸುಕಾಡುತ್ತಾರೆ ಅನ್ನೋದು ಕತ್ತಲಲ್ಲಿ ಕೂತವನಿಗೆ ಚೆನ್ನಾಗಿ ತಿಳಿಯುತ್ತೆ. ಆ ಬಿಲ್ಡಪ್ ಜೋಕ್ ನೀವು ಸ್ಟೇಜಿಗೆ ಕಾಲಿಟ್ಟ ಕ್ಷಣಕ್ಕೇ ಮುಗಿದುಹೋಗುತ್ತೆ. ಆಮೇಲೆ ಐದಾರು ನಿಮಿಷ, ಆಗಲೇ ನಕ್ಕು ಮುಗಿಸಿದ ಜನರ ಮುಂದೆ ನೀವು ಕುಣಿಯಬೇಕು. ಮಾನ ಮರ್ಯಾದೆ ಮಾತು ಬಿಡಿ, ಕಾಮಿಡಿ ಲೆಕ್ಕದಲ್ಲೂ ಅದು ದಂಡ.

ನಿಮ್ಮ ಡ್ರಮ್ ಸೋಲೋ ತಮಾಷೆ ಏನು ಅಂತ ಸ್ವಲ್ಪ ಹೇಳುತ್ತೀರಾ?

ಕುವೆಂಪುನಗರದವಳು
ಹೇಳ್ತೀನಿ. ಈ ಡ್ಯಾನ್ಸಿಗೆ ನುಡಿಸುವ ಡ್ರಮ್ ದರ್ಬುಕ, ಅದರಲ್ಲಿ ದಪ್ಪ ಸದ್ದು ದುಂ, ಚುರುಕು ಸದ್ದು ತಕ್. ದುಂ ದುಂ ತಕ್ ಅಂತ ಬಂದರೆ ತಕ್‌ಗೆ ಸರಿಯಾಗಿ ನನ್ನ ಸೊಂಟ ಬೀಳಬೇಕು. ಎರಡು ಸಲ ಸರಿಯಾಗಿ ಆಗುತ್ತೆ. ಮೂರನೇ ಸಲ ದುಂ ದುಂ ಬರುತ್ತೆ, ತಕ್ ಬರಲ್ಲ. ನನ್ನ ಸೊಂಟ ಮೇಲೆ ಎತ್ತಿದ್ದು ಹಾಗೇ ನಿಂತಿದೆ. ನಾನು ನಿಧಾನಕ್ಕೆ ತಿರುಗಿ ಸ್ಪೀಕರ್ ಕಡೆ ನೋಡುತ್ತೇನೆ, ಆಮೇಲೆ ಜನರ ಕಡೆ. ಇನ್ನೇನು ಬರಲ್ಲ ಬಿಡು ಅಂತ ಸೆರಗು ಸರಿ ಮಾಡಿಕೊಳ್ಳುವ ಹಾಗೆ ಸ್ಕರ್ಟ್ ಸರಿ ಮಾಡಿಕೊಳ್ಳುತ್ತಿರುವಾಗ ತಕ್ ಬಂದುಬಿಡುತ್ತೆ, ಸೊಂಟ ತಾನಾಗೇ ಬೀಳುತ್ತೆ, ನಾನು ಬೆಚ್ಚಿಬೀಳುತ್ತೇನೆ. ಟ್ರ್ಯಾಕ್‌ನಲ್ಲಿ ಆ ಗ್ಯಾಪ್ ನಾನೇ ಕತ್ತರಿಸಿ ಜೋಡಿಸಿದ್ದು.

ಲೈಟ್ ಹಾಕುವವನು
ಇದು ಜೋಕ್! ಇಲ್ಲಿ ಜನ ನಗುವುದು ನೀವು ಮತ್ತು ಆ ಡ್ರಮ್ ಜಗಳ ಆಡುತ್ತಿರೋದಕ್ಕೆ. ತಾಳ ಕೈಯಲ್ಲಿ ಇಲ್ಲದವರಿಗೆ ಇಷ್ಟು ಹೊತ್ತು ತಡೆದು ನಿಲ್ಲೋಕೆ ಆಗೋದೇ ಇಲ್ಲ. ಇದನ್ನು ನೋಡಿದ ಮೇಲೆ ಪ್ರೊಫೆಷನಲ್ ಅಲ್ಲ ಅನ್ನುವವರು ಸುಮ್ನೆ ಹೊಟ್ಟೆಕಿಚ್ಚಿಗೆ ಅನ್ನಬೇಕು. ಒಂದು ಸಲಹೆ: ಸ್ಪೀಕರ್ ಕಡೆ ತಿರುಗುವಾಗ ಇನ್ನೂ ಒಂದು ಉಸಿರು ತಡೆಯಿರಿ.

ಅಗ್ರಹಾರದ ಅಮ್ಮ
ಮಗಳೇ, ನಾನು ಭರತನಾಟ್ಯದವಳು. ವೆಂಕಟಲಕ್ಷಮ್ಮನವರ ಹೆಸರು ಕೇಳಿರುತ್ತೀಯ, ಮೈಸೂರು ಆಸ್ಥಾನದಲ್ಲಿ ನರ್ತಿಸಿದವರು, 1992ರಲ್ಲಿ ಪದ್ಮಭೂಷಣ ಬಂತು. ವಯಸ್ಸಾದ ಮೇಲೂ ಅವರು ಅಭಿನಯ ಮಾಡಿದರೆ ಎಲ್ಲರೂ ಕಣ್ಣು, ಕೈ ನೋಡುತ್ತಿದ್ದರು. ಸೊಂಟದ ಸುತ್ತಳತೆ ಯಾರಿಗೆ ಬೇಕಿತ್ತು? ಸಖಿಯನ್ನು ರೇಗಿಸುವುದು, ತಡವಾಗಿ ಬಂದ ನಾಯಕನನ್ನು ಹಂಗಿಸುವುದು, ನಾವು ಅಭಿನಯಿಸುವ ಪದ ಅನ್ನುವ ಹಾಡುಗಳಲ್ಲೂ ನಗು ಬೇಕಾದಷ್ಟಿದೆ. ಹೊಟ್ಟೆ ತೋರಿಸುವ ಡ್ರೆಸ್ ನನಗೆ ಹಿಡಿಸಲ್ಲ, ಅದು ಬೇರೆ ಮಾತು.

ಜರಿ ಟೈಲರ್
ಡ್ಯಾನ್ಸ್ ಡ್ರೆಸ್ ಹೊಲಿಯುವವನು ನಾನು, ಆದ್ದರಿಂದ ಮೊದಲು ಬೆಲ್ಟ್ ಬಗ್ಗೆ ಕೇಳುತ್ತೇನೆ. ಹೊಟ್ಟೆ ಮೆತ್ತಗಿರುವವರಿಗೆ ಮಣಿ ಬೆಲ್ಟ್ ಕುಣಿಯುತ್ತಾ ಮೇಲಕ್ಕೆ ಏರುತ್ತೆ, ಆಗ ಸ್ಕರ್ಟ್ ಪಟ್ಟಿ ಕಾಣುತ್ತೆ, ನೀವು ಕೈಯಲ್ಲಿ ಎಳೆದುಕೊಳ್ಳುತ್ತೀರಿ, ಜನ ನಗುತ್ತಾರೆ. ಆ ನಗು ನಿಮ್ಮ ಲೆಕ್ಕದಲ್ಲಿ ಇರಲ್ಲ. ಬೆಲ್ಟ್ ಒಳಗೆ ಹುಕ್ ಕೊಟ್ಟು ಸ್ಕರ್ಟಿಗೇ ಸಿಗಿಸಬೇಕು, ಪಿನ್ ನಂಬಬೇಡಿ. ಮೇಲಿನ ಪೀಸಿನ ಪಟ್ಟಿ ಅಗಲ ಇರಲಿ, ಎಲಾಸ್ಟಿಕ್ ಬೇಡ, ಭಾರಕ್ಕೆ ಜಗ್ಗುತ್ತೆ. ಹೊಟ್ಟೆಗೆ ಮೈಬಣ್ಣದ ನೆಟ್ ಹಾಕಿಸಿಕೊಂಡರೂ ತಪ್ಪಿಲ್ಲ, ಈಜಿಪ್ಟಿನಲ್ಲಿ ಕಾನೂನೇ ಇದೆಯಂತಲ್ಲ, ಅಲ್ಲಿನವರು ಹಾಕುತ್ತಾರೆ. ಅಗ್ರಹಾರದ ಅಮ್ಮನವರಿಗೂ ಸಮಾಧಾನ!

ಸೊಂಟದ ಡಾಬು
ಟೈಲರಣ್ಣ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು, ಡ್ಯಾನ್ಸ್ ಮುಂಚೆ ಮತ್ತು ಮುಗಿದ ಮೇಲೆ ಡ್ರೆಸ್ ಮೇಲೆ ಉದ್ದನೆ ಗೌನ್ ಹಾಕಿಕೊಂಡೇ ಓಡಾಡಿ. ಅದೇ ಡ್ರೆಸ್ಸಲ್ಲಿ ಊಟದ ಕ್ಯೂನಲ್ಲಿ ನಿಂತು ಸೆಲ್ಫಿ ಕೊಟ್ಟರೆ ಸ್ಟೇಜ್ ಮೇಲಿನದ್ದೆಲ್ಲ ನೀರಲ್ಲಿ ಹೋಮ. ಬಾಗಿಲು ಹಾಕಿಕೊಳ್ಳುವ ಗ್ರೀನ್ ರೂಮ್ ಕೇಳಿ. ಆಂಕರ್ ಏನು ಮಾತಾಡುತ್ತಾರೆ ಅಂತ ಮೊದಲೇ ಬರೆದು ಕಳಿಸಲಿ.

ಕುವೆಂಪುನಗರದವಳು
ಎಲ್ಲರಿಗೂ ಥ್ಯಾಂಕ್ಸ್. ಹುಡುಗನಿಗೆ ಫೋನ್ ಮಾಡಿದೆ. ಬಿಲ್ಡಪ್ ಇರಲ್ಲ, ಹೆಸರು ಮತ್ತು ಐಟಂ ಹೆಸರು ಎರಡೇ ಹೇಳಬೇಕು, ಸಾಲುಗಳನ್ನು ವಾಟ್ಸಾಪ್‌ನಲ್ಲಿ ಮೊದಲೇ ಕಳಿಸಬೇಕು ಅಂದೆ. "ಸರ್‌ನ ಕೇಳಿ ಹೇಳ್ತೀನಿ" ಅಂದಿದ್ದಾನೆ. ಸರ್ ಬೇಡ ಅಂದರೆ ನಾನು ಹೋಗಲ್ಲ. ತಕ್‌ಗೆ ಇನ್ನೊಂದು ಉಸಿರು ಸೇರಿಸಿ ಟ್ರ್ಯಾಕ್ ಎಡಿಟ್ ಮಾಡುತ್ತಿದ್ದೇನೆ. ಟೈಲರಣ್ಣ, ನಿಮ್ಮ ಅಂಗಡಿ ಎಲ್ಲಿ? ನನ್ನ ಬೆಲ್ಟ್ ಏರುತ್ತೆ, ನಿಜ.

ಜರಿ ಟೈಲರ್
ವಿಳಾಸ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ಸ್ಕರ್ಟೂ ತನ್ನಿ, ಬೆಲ್ಟ್ ಒಂದೇ ತಂದರೆ ನನಗೆ ಏನೂ ಮಾಡೋಕಾಗಲ್ಲ.