ಕಾನ್‌ಕ್ಯಾಟ್‌ಮ್ಯಾಪ್ ಹಾಕಿದ್ರೂ ರಿಕ್ವೆಸ್ಟ್‌ಗಳೆಲ್ಲ ಒಟ್ಟಿಗೇ ಹೋಗ್ತಿವೆ

ಪ್ರಶ್ನೆ (ಕೋಲಾರ)
ನಮಸ್ಕಾರ. ಇಲ್ಲಿನ ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿಗೆ ಆಂಗ್ಯುಲರ್‌ನಲ್ಲಿ (ವೆಬ್ ಆ್ಯಪ್ ಕಟ್ಟೋ ಫ್ರೇಮ್‌ವರ್ಕ್) ಆ್ಯಪ್ ಮಾಡಿಕೊಟ್ಟಿದ್ದೀನಿ. ಹರಾಜಿನ ಹೊತ್ತಲ್ಲಿ ನೆಟ್ ನಿಲ್ಲಲ್ಲ. ಅದಕ್ಕೇ ಬರೆದಿದ್ದೆಲ್ಲ ಫೋನಲ್ಲಿ ಉಳಿದು, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಹೋಗುತ್ತೆ. ಒಬ್ಬ ರೈತರಿಗೆ ಮೂರು ಕೆಲಸ: ಎಷ್ಟು ಬಾಕ್ಸ್, ಏನು ರೇಟು, ಆಮೇಲೆ ಬಿಲ್. ಈ ಕ್ರಮ ತಪ್ಪಲೇಬಾರದು.

ಮೊನ್ನೆ 40 ಬಾಕ್ಸ್ ತಂದಿದ್ದ ಅಜ್ಜ ಒಬ್ಬರ ಬಿಲ್ಲಲ್ಲಿ ರೇಟಿನ ಜಾಗಕ್ಕೆ ಸೊನ್ನೆ ಬಂತು. ಚೀಟಿನ ಹಿಂದೆ ಮುಂದೆ ತಿರುಗಿಸಿ ನೋಡಿ, "ಏನಮ್ಮಾ, ದುಡ್ಡೇ ಬರೆದಿಲ್ವಲ್ಲ?" ಅಂದ್ರು. ನನಗೆ ಮಾತೇ ಹೊರಡಲಿಲ್ಲ. ರೇಟು ಸೇರೋ ಮುಂಚೆ ಬಿಲ್ ರಿಕ್ವೆಸ್ಟ್ ಸರ್ವರ್ ಮುಟ್ಟಿತ್ತು.

ಮೂರೂ ಅಸಿಂಕ್ ಫಂಕ್ಷನ್‌ಗಳು (ಉತ್ತರ ಆಮೇಲೆ ಕೊಡೋವು), ಒಳಗೆ ಸರ್ವರ್‌ಗೆ ರಿಕ್ವೆಸ್ಟ್ ಕಳಿಸೋ ಫೆಚ್. ಮೂರನ್ನೂ ಕರೆದು ಒಂದು ಅರೇಯಲ್ಲಿಟ್ಟು, ಆರ್‌ಎಕ್ಸ್‌ಜೆಎಸ್ ಲೈಬ್ರರಿಯ ಫ್ರಮ್‌ಗೆ (ಅರೇಯಲ್ಲಿರೋದನ್ನ ಒಂದೊಂದಾಗಿ ಹೊರಬಿಡೋದು) ಕೊಟ್ಟು, ಒಂದು ಮುಗಿದ ಮೇಲೇ ಮುಂದಿನದನ್ನ ಶುರುಮಾಡೋ ಕಾನ್‌ಕ್ಯಾಟ್‌ಮ್ಯಾಪ್ ಹಾಕಿದ್ದೀನಿ. ಆದ್ರೂ ಬ್ರೌಸರಿನ ನೆಟ್‌ವರ್ಕ್ ಟ್ಯಾಬಲ್ಲಿ ಮೂರೂ ಒಂದೇ ಕ್ಷಣಕ್ಕೆ ಹೊರಡ್ತಿವೆ. ಯಾಕೆ?

ಉತ್ತರ (ಚಿಂತಾಮಣಿ)
ಮೇಡಂ, ಕಾನ್‌ಕ್ಯಾಟ್‌ಮ್ಯಾಪ್ ಕೈಗೆ ಬರೋ ಹೊತ್ತಿಗೆ ಕೆಲಸ ಶುರುವಾಗಿಬಿಟ್ಟಿದೆ. ಅಸಿಂಕ್ ಫಂಕ್ಷನ್ ಕರೆದ ತಕ್ಷಣ ಓಡುತ್ತೆ. ಅದು ವಾಪಸ್ ಕೊಡೋ ಪ್ರಾಮಿಸ್ (ಮುಂದೆ ಬರೋ ಉತ್ತರದ ಚೀಟಿ) ಅನ್ನೋದು ಆಗಲೇ ಹೊರಟಿರೋ ಗಾಡಿ. ಅಬ್ಸರ್ವಬಲ್ (ಆರ್‌ಎಕ್ಸ್‌ಜೆಎಸ್‌ನ ಡೇಟಾ ಹರಿವು) ಸಾಮಾನ್ಯವಾಗಿ ಸಬ್‌ಸ್ಕ್ರೈಬ್ (ಕೇಳೋಕೆ ಶುರು) ಆಗೋವರೆಗೂ ಅಲ್ಲಾಡಲ್ಲ. ನಿಮ್ಮ ಕೋಡಲ್ಲಿ ಉತ್ತರಗಳು ಮಾತ್ರ ಸಾಲಾಗಿ ಬರ್ತಿವೆ, ರಿಕ್ವೆಸ್ಟ್‌ಗಳಲ್ಲ.

ಅರೇಯಲ್ಲಿ ಫಂಕ್ಷನ್‌ಗಳನ್ನೇ ಇಡಿ, ಆವರಣ ಹಾಕಿ ಕರೀಬೇಡಿ. ಕಾನ್‌ಕ್ಯಾಟ್‌ಮ್ಯಾಪ್ ಒಳಗೆ ಕರೆಯಿರಿ. ಇಲ್ಲಾ ಒಂದೊಂದನ್ನೂ ಡಿಫರ್‌ನಲ್ಲಿ (ಸಬ್‌ಸ್ಕ್ರೈಬ್ ಆದಾಗ ಮಾತ್ರ ಫಂಕ್ಷನ್ ಕರೆಯೋದು) ಸುತ್ತಿ. ಫೆಚ್ ಬಿಟ್ಟು ಆಂಗ್ಯುಲರ್‌ದೇ ಎಚ್‌ಟಿಟಿಪಿ ಕ್ಲೈಂಟ್ ನೇರ ಬಳಸಿದ್ರೆ, ಅದು ಅಬ್ಸರ್ವಬಲ್ ಕೊಡೋದ್ರಿಂದ, ಈ ತೊಂದರೆನೇ ಬರಲ್ಲ.

ಮರ್ಜ್‌ಮ್ಯಾಪ್‌ಗೆ (ಹಲವನ್ನ ಒಟ್ಟಿಗೇ ಓಡಿಸೋದು) ಏಕಕಾಲದ ಮಿತಿ 1 ಕೊಟ್ರೆ ಅದೇ ಕಾನ್‌ಕ್ಯಾಟ್‌ಮ್ಯಾಪ್. ಸ್ವಿಚ್‌ಮ್ಯಾಪ್ ಇಲ್ಲಿ ಬೇಡವೇ ಬೇಡ. ಹೊಸದು ಬಂದ್ರೆ ಹಳೇದನ್ನ ಕೈಬಿಡುತ್ತೆ. ಹುಡುಕೋ ಬಾಕ್ಸಿಗೆ ಸರಿ, ರೈತರ ಲೆಕ್ಕಕ್ಕಲ್ಲ.

ಉತ್ತರ (ತುಮಕೂರು)
ಮೇಲಿನವರು ಹೇಳಿದ್ದು ಸರಿ. ಆದ್ರೆ ಎಲ್ಲಾ ರೈತರನ್ನೂ ಒಂದೇ ಸಾಲಲ್ಲಿ ನಿಲ್ಲಿಸಬೇಡಿ, ಒಬ್ಬರದು ಕೆಟ್ರೆ ಹಿಂದಿದ್ದವರದ್ದೆಲ್ಲ ನಿಲ್ಲುತ್ತೆ. ಮೊದಲೇ ರೈತರ ಪ್ರಕಾರ ವಿಂಗಡಿಸಿ. ಹೊರಗೆ ಮಿತಿ 3ರ ಮರ್ಜ್‌ಮ್ಯಾಪ್, ಒಳಗೆ ಪ್ರತಿಯೊಬ್ಬರಿಗೂ ಕಾನ್‌ಕ್ಯಾಟ್‌ಮ್ಯಾಪ್. ಕ್ಯಾಚ್‌ಎರರ್ (ತಪ್ಪಾದಾಗ ಹಿಡಿಯೋದು) ಒಬ್ಬೊಬ್ಬ ರೈತರ ಸಾಲಿನ ಕೊನೆಗೆ ಬರಲಿ, ಒಂದೊಂದು ರಿಕ್ವೆಸ್ಟಿಗಲ್ಲ. ರೇಟು ಸೇರದೆ ಇದ್ರೆ ಬಿಲ್ ಹೋಗಲೇಬಾರದು ತಾನೇ?

ಇನ್ನೊಂದು. ಸಿಗ್ನಲ್ ಕೈಕೊಟ್ಟಾಗ ರಿಕ್ವೆಸ್ಟ್ ಸರ್ವರ್ ಮುಟ್ಟಿ, ಉತ್ತರ ಮಾತ್ರ ದಾರೀಲಿ ಕಳೆದುಹೋಗಬಹುದು. ಮತ್ತೆ ಕಳಿಸಿದ್ರೆ 40 ಬಾಕ್ಸ್ 80 ಆಗುತ್ತೆ. ಫೋನಲ್ಲಿ ಬರೆಯುವಾಗಲೇ ಪ್ರತಿ ಎಂಟ್ರಿಗೂ ಬೇರೆ ಬೇರೆ ಐಡಿ ಕೊಡಿ, ಅದೇ ಐಡಿ ಮತ್ತೆ ಬಂದ್ರೆ ಸರ್ವರ್ ಎರಡನೇ ಸಲ ಸೇರಿಸಬಾರದು.

ಉತ್ತರ (ಶಿಡ್ಲಘಟ್ಟ)
ಟೈಮ್‌ಔಟ್ (ಇಂತಿಷ್ಟು ಹೊತ್ತು ಕಾದು ಕೈಬಿಡೋದು) ಮರೀಬೇಡಿ ಅಕ್ಕಾ. ಒಳಗಿನ ಅಬ್ಸರ್ವಬಲ್ ಮುಗಿಯದೆ ಕಾನ್‌ಕ್ಯಾಟ್‌ಮ್ಯಾಪ್ ಮುಂದಿನದ್ದನ್ನ ಮುಟ್ಟಲ್ಲ. ನಾನು ಒಂದು ವೆಬ್‌ಸಾಕೆಟ್ (ತೆರೆದೇ ಇರೋ ಸಂಪರ್ಕ) ಅಲ್ಲಿಟ್ಟು ಅರ್ಧ ದಿನ ಹುಡುಕಿದ್ದೆ, ಟೇಕ್ 1 (ಒಂದು ಉತ್ತರ ಸಿಕ್ಕ ಕೂಡಲೇ ಮುಗಿಸೋದು) ಹಾಕಿದ ಮೇಲೆ ಸಾಲು ಓಡ್ತು.

ಪ್ರಶ್ನೆ ಕೇಳಿದವರು
ಆವರಣ ತೆಗೆದೆ, ಆಯ್ತು! ಈಗ ಟ್ಯಾಬಲ್ಲಿ ಮೂರು ಗೆರೆ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಕಾಣ್ತಿವೆ. ರೈತರ ಪ್ರಕಾರ ವಿಂಗಡಿಸಿದ್ದೀನಿ, ಐಡಿ ಕೆಲಸ ಇವತ್ತು ರಾತ್ರಿ. ಅಜ್ಜನ ಬಿಲ್ ಸರಿಮಾಡಿ ಇಟ್ಟಿದ್ದೀನಿ, ನಾಳೆ ಹರಾಜಿಗೆ ಬಂದಾಗ ನಾನೇ ಕೈಗೆ ಕೊಡ್ತೀನಿ.