ಕುಟುಂಬಗಳ ಜೊತೆ ಕೆಲಸ ಮಾಡಲು ಏನು ಓದಬೇಕು?

ಪ್ರಶ್ನೆ: ಬಿಎ ಮುಗಿಸಿದ್ದೇನೆ, ಮನಃಶಾಸ್ತ್ರ ಓದಿದ್ದೇನೆ. ಕಷ್ಟದಲ್ಲಿರುವ ಕುಟುಂಬಗಳ ಜೊತೆ ಕೆಲಸ ಮಾಡುವ ಆಸೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಲೇಬೇಕಾ, ಕೌನ್ಸೆಲಿಂಗ್ ಡಿಪ್ಲೊಮಾ ಸಾಕಾ? ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಮಕ್ಕಳ ರಕ್ಷಣೆ ಕೆಲಸದಲ್ಲಿರುವವರು:
ಯಾವ ಕೆಲಸ ಬೇಕು ಅಂತ ಮೊದಲು ತೀರ್ಮಾನಿಸಿ. ಮನೆ ಭೇಟಿ ಮಾಡುವುದು, ಪೋಷಕರಿಗೆ ನೆರವು ಕೊಡಿಸುವುದು, ಇಂಥವಕ್ಕೆ ಎಷ್ಟೋ ಕಡೆ ಯಾವುದಾದರೂ ಡಿಗ್ರಿ, ಜೊತೆಗೆ ಸಂಸ್ಥೆಯೇ ಕೊಡುವ ತರಬೇತಿ ಸಾಕು. ಮಗುವನ್ನು ಮನೆಯಲ್ಲೇ ಬಿಡಬಹುದಾ ಅಂತ ವರದಿ ಕೊಡುವ ಹುದ್ದೆಗೆ ಸಾಮಾನ್ಯವಾಗಿ ಸಮಾಜಕಾರ್ಯದ ಪದವಿಯನ್ನೇ ಕೇಳುತ್ತಾರೆ. ಡಿಪ್ಲೊಮಾದಲ್ಲಿ ಕೇಳಿಸಿಕೊಳ್ಳುವುದನ್ನು ಚೆನ್ನಾಗಿ ಕಲಿಸುತ್ತಾರೆ. ಆದರೆ ಒಂದೇ ಮನೆಯಲ್ಲಿ ಸಾಲ, ಕುಡಿತ, ಶಾಲೆ, ಕೋರ್ಟು ಎಲ್ಲ ಸಿಕ್ಕಾಗಿ ಕೂತಿರುವಾಗ ಅಷ್ಟೇ ಸಾಲುವುದಿಲ್ಲ.

ಹಾಗಾಗಿ ಎಂಎಸ್‌ಡಬ್ಲ್ಯೂ ಮಾಡಿ ಅಂತಲೇ ನನ್ನ ಸಲಹೆ. ಕಾಲೇಜಿನ ಹೆಸರಿಗಿಂತ ಅಲ್ಲಿನ ಫೀಲ್ಡ್‌ವರ್ಕ್ ನೋಡಿ. ಅಮೆರಿಕದಲ್ಲಿ ಸಮಾಜಕಾರ್ಯ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ ಬಿಎಸ್‌ಡಬ್ಲ್ಯೂಗೆ (ಸಮಾಜಕಾರ್ಯದ ಮೊದಲ ಪದವಿ) ಕನಿಷ್ಠ 400 ಗಂಟೆ, ಎಂಎಸ್‌ಡಬ್ಲ್ಯೂಗೆ 900 ಗಂಟೆ ಫೀಲ್ಡ್‌ವರ್ಕ್ ಇರಲೇಬೇಕು ಅನ್ನುತ್ತದೆ. ನಿಯಮ ಎಲ್ಲ ಕಡೆ ಒಂದೇ ಇರಲ್ಲ, ಹೋಲಿಸಿ ನೋಡಲು ಒಂದು ಅಳತೆ ಇರಲಿ ಅಂತ ಹೇಳಿದೆ. ಸೇರುವ ಮುಂಚೆ ಹಳೆ ವಿದ್ಯಾರ್ಥಿಗಳನ್ನು ಕೇಳಿ. ನಿಮಗೆ ನಿಜವಾದ ಕೇಸ್ ಕೊಟ್ಟರಾ, ಸುಮ್ನೆ ರಿಜಿಸ್ಟರ್ ತುಂಬಿಸಿದರಾ? ಬರೆದದ್ದನ್ನು ಪ್ರತಿ ವಾರ ಓದಿ ಪ್ರಶ್ನೆ ಹಾಕುವ ಸೂಪರ್‌ವೈಸರ್ ಇದ್ದರಾ?

ಇದನ್ನು ಒತ್ತಿ ಹೇಳಲು ಕಾರಣವಿದೆ. 'ತಾಯಿಗೆ ಮಗುವಿನ ಮೇಲೆ ಗಮನವಿಲ್ಲ' ಅಂತ ವಿದ್ಯಾರ್ಥಿ ಬರೆದರೆ, ಒಳ್ಳೆಯ ಸೂಪರ್‌ವೈಸರ್ 'ನೀನು ಕಣ್ಣಾರೆ ಕಂಡಿದ್ದೇನು?' ಅಂತ ಕೇಳುತ್ತಾರೆ. ಕಂಡದ್ದು, ಬೇರೆಯವರು ಹೇಳಿದ್ದು, ತಾನು ಊಹಿಸಿದ್ದು ಮೂರನ್ನೂ ಬೇರೆಬೇರೆಯಾಗಿ ಬರೆಯುವುದು ಹೀಗೆಯೇ ಬರುತ್ತದೆ. ಮುಂದೆ ನಿಮ್ಮ ವರದಿ ನೋಡಿಯೇ ಒಂದು ಮಗು ಎಲ್ಲಿರಬೇಕು ಅಂತ ತೀರ್ಮಾನ ಆಗಬಹುದು, ಅಲ್ವಾ?

ಕುಟುಂಬ ಆಪ್ತಸಮಾಲೋಚಕರು:
ಮೇಲಿನವರ ಮಾತು ಸರಿ. ಜೊತೆಗೆ ಜೆನೋಗ್ರಾಮ್, ಇಕೋಮ್ಯಾಪ್ ಅನ್ನುವ ಎರಡು ಬಗೆಯ ಕುಟುಂಬ ನಕ್ಷೆ ಬರೆಯಲು ಕಲಿಯಿರಿ. ಮೊದಲನೆಯದರಲ್ಲಿ ಎರಡು ಮೂರು ತಲೆಮಾರಿನ ಸಂಬಂಧಗಳು ಕಾಣುತ್ತವೆ. 1970ರ ದಶಕದಲ್ಲಿ ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕಿ ಆನ್ ಹಾರ್ಟ್‌ಮನ್ ರೂಪಿಸಿದ ಇಕೋಮ್ಯಾಪ್‌ನಲ್ಲಿ, ಮನೆಗೆ ಹೊರಗಿನಿಂದ ಯಾರ ಆಸರೆ ಇದೆ, ಯಾರ ಕಾಟ ಇದೆ ಅನ್ನುವುದು ಗೊತ್ತಾಗುತ್ತದೆ. ಮನೆಯವರ ಜೊತೆಯಲ್ಲೇ ಕೂತು ಬರೆಯಿರಿ. ಬಾಯಿಬಿಟ್ಟು ಹೇಳಲಾಗದ್ದನ್ನು ಎಷ್ಟೋ ಜನ ಹಾಳೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಫ್ಯಾಮಿಲಿ ಥೆರಪಿ ಮಾಡುವ ಆಸೆಯಿದ್ದರೆ ಅದಕ್ಕೆ ಬೇರೆಯೇ ತರಬೇತಿ ಬೇಕು.

ಇನ್ನೊಬ್ಬರು:
ಗುಟ್ಟು ಕಾಪಾಡುವ ನಿಯಮ ಎಲ್ಲಿಯವರೆಗೆ ಅನ್ನುವುದನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ. 'ಯಾರಿಗೂ ಹೇಳಲ್ಲ' ಅಂತ ಮಗುವಿಗೆ ಮಾತು ಕೊಡಲೇಬೇಡಿ. ಹಿಂಸೆಯ ಅನುಮಾನ ಬಂದರೆ ನೀವು ಮೇಲಧಿಕಾರಿಗಳಿಗೆ ತಿಳಿಸಲೇಬೇಕಾಗುತ್ತದೆ. ಅದನ್ನು ಮಗುವಿಗೂ ಮೊದಲೇ ಹೇಳಿಬಿಡಿ.